ಎರಡು ಸಲ ಅಂದರೆ ಊಟ

ಕೌನಸ್ ಊರಲ್ಲಿ, ಗುಡ್ಡ ಹತ್ತುವ ಪುಟ್ಟ ರೈಲಿನ ಪಕ್ಕ,
ಮೂರನೇ ಮಹಡಿ. ಚೀಟಿಯಲ್ಲಿ ಬರೆದಿತ್ತು:
ಹನ್ನೊಂದು ಸ್ವಿಚ್ಚು, ಏಳು ಸಾಕೆಟ್ಟು, ಹಳತೆಲ್ಲ ಕಿತ್ತು ಹೊಸತು.
ಕೆಳಗೆ, ಗೆರೆ ಎಳೆದು: ಬೆಲ್ಲು ಒತ್ತಿ.
ಸದ್ದು ಬರದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ.

ಒತ್ತಿದೆ. ಬಾಗಿಲ ಸಂದಿಯಲ್ಲಿ ಬೆಳಕು ಮಿಣುಕಿತು.
ಲಿಯೋಕಾದಿಯಾ ತೆರೆದಳು, ಎಪ್ಪತ್ತಾರಿರಬೇಕು.
ಕಿವಿ ಮುಟ್ಟಿ, ಕೈ ಬೀಸಿ, ಇಲ್ಲ ಎಂದಳು;
ನನ್ನ ಕೆಸರು ಬೂಟಿಗೆ ಬೆರಳು ಮಾಡಿ, ಅದೂ ಇಲ್ಲ ಎಂದಳು.

ಇಂಥ ಮನೆಗಳನ್ನು ಬಲ್ಲೆ. ಇಪ್ಪತ್ತೆಂಟು ವರ್ಷ ಇದೇ ಕೆಲಸ.
ಸುಣ್ಣದ ಹಿಂದೆ ಅಲ್ಯುಮಿನಿಯಂ ತಂತಿ,
ಒಂದು ಸಲ ಬಗ್ಗುತ್ತದೆ, ಎರಡನೇ ಸಲ ಮುರಿಯುತ್ತದೆ.
ಸೋವಿಯತ್ ಕಾಲದ ಸಾಕೆಟ್ಟು, ತೂತು ಸಣ್ಣ;
ಈಗಿನ ಪ್ಲಗ್ಗಿನ ಕಾಲು ದಪ್ಪ.
ಊದಿದ ಬೆರಳಿಗೆ ಮದುವೆಯುಂಗುರದ ಹಾಗೆ
ತುರುಕಿದವರು ತುರುಕಿದ್ದಾರೆ, ಬಾಯಿ ಸೀಳಿ ಹಳದಿಗಟ್ಟಿದೆ.
ಅರ್ತಿಂಗಿನ ಸುದ್ದಿಯೇ ಇಲ್ಲ.

ಅಡಿಗೆಮನೆ ಬಾಗಿಲ ಬಳಿಯದು ಮಾತ್ರ ಬೇರೆ ಜಾತಿ:
ಕರಿ ಬೇಕಲೈಟು, ಅಂಗೈ ತುಂಬುವ ಗುಂಡು,
ನಡುವೆ ತಿರುಗಿಸುವ ಪುಟ್ಟ ರೆಕ್ಕೆ.
ಸುತ್ತ ಗೋಡೆಯ ಮೇಲೆ ಸುಟ್ಟ ಕಲೆ, ತಟ್ಟೆಯಗಲ.
ಸ್ವಿಚ್ಚು ಇಲ್ಲಿ, ದೀಪ ಆಚೆ ಕೋಣೆಯಲ್ಲಿ.
ಯಾವ ಮುಠ್ಠಾಳ ಹೀಗೆ ಜೋಡಿಸಿದನಪ್ಪಾ ಅಂದುಕೊಂಡೆ.

ಕಿತ್ತೆ. ಮಗ ಕೊಂಡು ಕಳಿಸಿದ್ದನ್ನು ಕೂರಿಸಿದೆ:
ಬಿಳಿ ಗಾಜು, ಗುಂಡಿಯಿಲ್ಲ, ತಿರುಪಿಲ್ಲ, ಬೆರಳು ಸೋಕಿದರೆ ಸಾಕು,
ಬೆಳಕು ಹಾಲುಕ್ಕುವ ಹಾಗೆ ನಿಧಾನ ಮೇಲೇಳುತ್ತದೆ;
ಆರುವಾಗಲೂ ಕ್ಷಮೆ ಕೇಳುತ್ತ ಆರುತ್ತದೆ.

ಲಿಯೋಕಾದಿಯಾ ಸೋಕಿದಳು. ಎರಡು ಸಲ.
ಆಚೆ ಕೋಣೆಯಲ್ಲಿ ಮೊಮ್ಮಗಳು ಉರ್ತೆ, ಒಂಬತ್ತು ವರ್ಷ,
ಅವಳಿಗೂ ಕಿವಿ ಕೇಳದು, ನೆಲದಲ್ಲಿ ಕವುಚಿಕೊಂಡು
ಕುದುರೆಗೆ ಬಣ್ಣ ತುಂಬುತ್ತಿದ್ದಳು.
ತಲೆ ಎತ್ತಲಿಲ್ಲ.
ಮತ್ತೆ ಎರಡು ಸಲ. ಬೆಳಕು ಇಳಿಯಿತು, ಏರಿತು,
ಮೋಡ ಸರಿದಂತೆ. ಮೋಡಕ್ಕೆ ಯಾರು ತಿರುಗಿ ನೋಡುತ್ತಾರೆ?
ಕುದುರೆಗೆ ನೀಲಿ ಬಾಲ ಬಂತು.
ಆಲೂಗಡ್ಡೆ ರೊಟ್ಟಿ ತಣ್ಣಗಾಯಿತು.

ಮುದುಕಿ ನನ್ನ ಬಿಲ್ಲಿನ ಬೆನ್ನಿಗೆ ಬರೆದಳು, ಪೆನ್ಸಿಲು ಒತ್ತಿ:
ಚೆನ್ನಾಗಿದೆ. ಆದರೆ ಇದಕ್ಕೆ ಕೂಗಲು ಬಾರದು.

ಆಮೇಲೆ ನಿಲ್ಲಿಸಲೇ ಇಲ್ಲ.
ಎರಡು ಸಲ ಅಂದರೆ ಊಟ.
ಆರಿಸಿ, ಮೂರು ಎಣಿಸಿ ಹಚ್ಚಿದರೆ, ಬಾಗಿಲಲ್ಲಿ ಯಾರೋ.
ನನ್ನ ಗಂಡ ವೈದೋತಸ್, ಮರಗೆಲಸದವನು,
ಎರಡನೆಯದನ್ನು ತುಸು ತಡೆದು ತಿರುಗಿಸುತ್ತಿದ್ದ;
ಬೆನ್ನು ಹಾಕಿ ಕೂತಿದ್ದರೂ ಗೊತ್ತಾಗುತ್ತಿತ್ತು, ಇವನೇ.
ಆ ಸುಟ್ಟ ಕಲೆಯಾ? ಎಪ್ಪತ್ತೊಂಬತ್ತರ ಚಳಿಗಾಲ. ಜಗಳ.
ನಲವತ್ತು ಸಲವಾದರೂ ತಿರುಗಿಸಿರಬೇಕು ನಾನು.
ಕಣ್ಣು ಮುಚ್ಚಿ ಕೂತುಬಿಟ್ಟ, ಹಾಳಾದವನು.

ಗೋಡೆಗೂ ಕಿವಿಯಿದೆ ಅನ್ನುತ್ತಿದ್ದರು ಆ ಕಾಲದಲ್ಲಿ, ಮೆಲ್ಲಗೆ.
ಈ ಗೋಡೆಗೆ ಬಾಯಿಯಿತ್ತು. ಅದನ್ನೇ ನಾನು
ಎರಡು ತಿರುಪು ಬಿಚ್ಚಿ ಚೀಲಕ್ಕೆ ಹಾಕಿದ್ದೆ.

ಹಳೆಯದನ್ನು ಮತ್ತೆ ಕೂರಿಸುವಂತಿಲ್ಲ. ಒಳಗಿನ ಪಿಂಗಾಣಿ ಬಿರಿದಿದೆ,
ಹಿತ್ತಾಳೆ ನಾಲಗೆ ಸವೆದು ಸವೆದು ಕಾಗದ. ಕಾನೂನು ಬೇರೆ.
ವ್ಯಾನಿಗಿಳಿದೆ. ಬಿಸ್ಕತ್ತಿನ ಡಬ್ಬಿ ತಡಕಾಡಿದೆ.
ಸಿಕ್ಕಿತೊಂದು, ಗ್ಯಾರೇಜಿಗೆ ಹಾಕುವಂಥದು,
ಅಗ್ಗದ್ದು, ಒರಟು, ಸ್ಪ್ರಿಂಗು ಕೋಪಿಷ್ಠ.
ಮಗನ ಗಾಜನ್ನು ಬಚ್ಚಲಿಗೆ ಹಾಕಿದೆ;
ಅಲ್ಲಿಂದ ಯಾರೂ ಯಾರನ್ನೂ ಕರೆಯುವುದಿಲ್ಲ.

ಒತ್ತಿದಳು. ಬೆರಳಿಗೆ ತಾಗಿದ್ದು ಮುಖದಲ್ಲಿ ಕಂಡಿತು.
ಕೋಣೆ ಕತ್ತಲು ಬೆಳಕು ಕತ್ತಲು ಬೆಳಕು.
ಉರ್ತೆ ತಲೆ ಎತ್ತಿ ಎರಡೂ ಕೈ ಝಾಡಿಸಿದಳು.
ಅವರ ಸನ್ನೆ ನನಗೆ ಬಾರದು, ಆದರೂ ತಿಳಿಯಿತು:
ಬಂದೆ, ಬಂದೆ, ಯಾಕಜ್ಜಿ ಹಾಗೆ ಅರಚುತ್ತೀಯ!

ರಾತ್ರಿ ನಮ್ಮ ಮನೆ. ಹೆಂಡತಿ ಆಚೆ ಫೋನಿನಲ್ಲಿ ಮುಖವಿಟ್ಟು ಕೂತಿದ್ದಳು.
ನಡುಮನೆಯ ಸ್ವಿಚ್ಚು ಎರಡು ಸಲ ಒತ್ತಿದೆ,
ಎರಡನೆಯದನ್ನು ತುಸು ತಡೆದು.
ಫ್ಯೂಸು ಹೋಯಿತಾ? ಅಂದಳು.
ಇಲ್ಲ, ಅಂದೆ. ಊಟ.