ಅಳತೆ ಪುಸ್ತಕದ ಹಿಂಬದಿ

ಮೊದಲು ಬಟ್ಟೆಯ ಅಂಚಲ್ಲೊಂದು ಹೊಳೆವ ಹೊಲಿಗೆ.
ನಾನು ಹಾಕಿದ್ದಲ್ಲ.
ಗರಗಸದ ಹಲ್ಲಿನಂತೆ ಅಂಕುಡೊಂಕು,
ಕಣ್ಣು ಹೊರಳಿದತ್ತ ತಾನೂ ಹೊರಳಿ
ಕಪ್ಪು ಅಬಾಯಾದ ಮೇಲೆ ಹರಿದಾಡುತ್ತದೆ.
ಸೂಜಿ ಕೆಳಗಿಡುತ್ತೇನೆ. ಇನ್ನು ಇಪ್ಪತ್ತೇ ನಿಮಿಷ.

ಮನಾಮಾದ ಡಾಕ್ಟರು ಹೇಳಿದ್ದರು:
ಬರುವ ಮುಂಚೆ ಏನಾಯಿತು, ಎಲ್ಲ ಬರೆದಿಡು.
ಬರೆದಿದ್ದೇನೆ ಅಳತೆ ಪುಸ್ತಕದಲ್ಲಿ,
ಹೆಂಗಸರ ಭುಜ, ತೋಳು, ಎತ್ತರಗಳ ಬೆನ್ನಿಗೆ:

ಸೋಮವಾರ, ಧೂಳುಗಾಳಿ.
ಗಿರಾಕಿಯ ಮುಸುಕಿಗಂಟಿದ ಊದ್ ಹೊಗೆ.
ಚೀಸ್ ತಿಂದದ್ದು. ಏನೂ ತಿನ್ನದೇ ಇದ್ದದ್ದು.
ಎಸಿಯ ಚಳಿಯಿಂದ ನಲವತ್ತಾರು ಡಿಗ್ರಿಗೆ
ಬಾಗಿಲು ತೆರೆದದ್ದು.
ಈದ್‌ಗೆ ಮುಂಚಿನ ಮೂರು ರಾತ್ರಿ, ಮಿಣಿಮಿಣಿ ಹರಳು.
ಮುಟ್ಟಿನ ಮೊದಲ ದಿನ.
ಶುಕ್ರವಾರ ಏನೂ ಇಲ್ಲ. ಚೆನ್ನಾಗಿ ಮಲಗಿದ್ದೆ,
ಗಂಜಿ ಉಂಡಿದ್ದೆ, ಯಾರೂ ಬೈದಿರಲಿಲ್ಲ.
ಆದರೂ ಬಂತು.

ಲವೀನಾ ಕಿಟಕಿಗೆ ಉಳಿಕೆ ಬಟ್ಟೆ ಸಿಕ್ಕಿಸುತ್ತಾಳೆ,
ಅಂದು ಒಗ್ಗರಣೆಯಿಲ್ಲ, ಎಲ್ಲರಿಗೂ ಬ್ರೆಡ್ಡು.
ಆರು ಹಾಸಿಗೆಯ ಕೋಣೆ ಪಿಸುಮಾತಿಗಿಳಿಯುತ್ತದೆ.

ಹೆಸರೇ ಅರೆದಲೆನೋವು.
ಅರ್ಬಾಬ್ ಕತ್ತರಿಸುವುದೂ ಅರೆದಿನದ ಸಂಬಳ.
ಉಳಿದರ್ಧ ತಲೆ, ಪಾಪ, ನೋವಿಲ್ಲದ್ದು,
ರಾತ್ರಿಯಿಡೀ ಎಣಿಸುತ್ತದೆ:
ಎಷ್ಟು ದಿನಾರ್, ಎಷ್ಟು ಫಿಲ್ಸ್.

ನಿನ್ನೆ ಒಬ್ಬಳು ಬಂದಳು, ಮುಹರ್ರಕ್ಕಿನವಳು.
ಹರಳು ಬೇಡ, ಜರಿ ಬೇಡ, ಏನೂ ಮಿನುಗಬಾರದು
ಎಂದಳು, ಎಡ ಹಣೆಯನ್ನು ಹೆಬ್ಬೆರಳಲ್ಲಿ ಒತ್ತುತ್ತ.
ನಾನು ಏನೂ ಕೇಳಲಿಲ್ಲ.
ಟ್ಯೂಬ್‌ಲೈಟ್ ಆರಿಸಿ
ಮಬ್ಬಿನಲ್ಲೇ ಟೇಪು ಹಿಡಿದೆ.
ಭುಜ ಹದಿನೈದು. ತೋಳು ಇಪ್ಪತ್ತಮೂರು.