ಒಂದು ಬದಿ ಖಾಲಿ

ನಮ್ಮದು ಕಾಗದ ಮಾಡುತ್ತಿದ್ದ ಊರು.
ಬಿದಿರು, ನೀಲಗಿರಿ ಹೇರಿದ ಲಾರಿಗಳು ಗೇಟಿನುದ್ದ,
ಸೈರನ್ ಕೂಗಿದರೆ ಮನೆಮನೆಯಲ್ಲಿ ಗಡಿಯಾರ ತಿದ್ದುತ್ತಿದ್ದರು.
ಅಪ್ಪ ಕಟಿಂಗ್ ಸೆಕ್ಷನ್ನಿನಿಂದ ತಂದ ಹಾಳು ಶೀಟಿನಲ್ಲೇ
ನನ್ನ ಎ ಬಿ ಸಿ ಡಿ.
ಒಂದು ಬದಿ ಕಲೆ, ಇನ್ನೊಂದು ಬದಿ ನನ್ನದು.

ಅಂಥ ಭದ್ರಾವತಿಯಲ್ಲಿ ಹುಟ್ಟಿ
ನನಗೊಂದು ಕಾಗದ ಸಿಗಲಿಲ್ಲ ನೋಡಿ.
ಐದು ಸೆಮಿಸ್ಟರ್ ಆಗಿತ್ತು, ಮಿಲ್ಲು ನಿಂತಿತು.
ಆರನೆಯದಕ್ಕೆ ಫೀಸು ಕಟ್ಟುವ ಕಡೇ ದಿನ
ಶಿವಮೊಗ್ಗದ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ,
ಕೌಂಟರಿನ ಈಚೆ ಅಲ್ಲ,
ಆಚೆ.

ಎಂಟು ವರ್ಷದಿಂದ
ಬೇರೆಯವರ ಡಿಗ್ರಿ ನನ್ನ ಕೈಗೆ ಬಿಸಿಬಿಸಿ ಬೀಳುತ್ತಿದೆ.
ಶಂಕರಘಟ್ಟದ ಮೊಹರು, ಕುಲಪತಿಗಳ ಕೊಕ್ಕೆ ಸಹಿ,
ಪ್ರತಿಗೆ ಎರಡು ರೂಪಾಯಿ, ಲ್ಯಾಮಿನೇಷನ್ನಿಗೆ ಮೂವತ್ತು.
ಸಂಜೆ ಅದೇ ಮಹಡಿಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ:
ಟೈಲ್ಸ್ ಅಂಗಡಿ ಹುಡುಗರು, ಇಬ್ಬರು ನರ್ಸ್,
ಎರಡು ಎಂ.ಎ. ಮುಗಿಸಿದ ಕುಬೇರಪ್ಪನವರು.
'ಹಿ ಗೋ' ಅನ್ನುತ್ತಾರೆ. 'ಗೋಸ್' ಅನ್ನುತ್ತೇನೆ.
ಮೊನ್ನೆ ಲೆಕ್ಚರರ್ ಆದರು, ಪೇಡಾ ಕೊಟ್ಟರು.

ಕಾಂಬೋಡಿಯಾ ಎಂಬ ಹೆಸರು ತಂದವಳು ನರ್ಸ್ ಶೈನಿ.
ಅರ್ಜಿಯಲ್ಲೊಂದು ಖಾನೆ: ಪದವಿ.
'ಮಾಡ್ಕೊಳ್ಳೇ, ಮಿಷನ್ ನಿಂದೇ, ರಾತ್ರಿನೂ ನಿಂದೇ' ಅಂದಳು.
ಮಾಡಿಕೊಂಡೆ.
ಶಟರ್ ಅರ್ಧ ಇಳಿಸಿ
ಯಾರದೋ ಹೆಸರಿಗೆ ವೈಟ್ನರ್ ಬಳಿದು, ಒಣಗುವ ತನಕ ಊದಿ,
ಸಗಾಯ ಮೇರಿ ಎ. ಎಂದು ಅಂಟಿಸಿ
ಹಸಿರು ಗುಂಡಿ ಒತ್ತಿದೆ.
ಬಂತು. ಪ್ರಥಮ ದರ್ಜೆ.
ಬಹಳ ಹೊತ್ತು ನೋಡಿದೆ, ಚೆನ್ನಾಗಿತ್ತು.
ಬೆಳಗ್ಗೆ ಡೆಮೊ ಪಾಠಕ್ಕೆ ಕಾಗದ ಹುಡುಕುವಾಗ
ಅದನ್ನೇ ಮಗುಚಿ ಬೆನ್ನ ಮೇಲೆ ಬರೆದುಕೊಂಡೆ:
ಶಾರ್ಟ್, ಶಾರ್ಟರ್, ಶಾರ್ಟೆಸ್ಟ್.
ಒಂದು ಬದಿ ಖಾಲಿ ಇದ್ದರೆ ಬಿಸಾಡುವವರಲ್ಲ ನಾವು.

ಡಿಗ್ರಿ ಅಂತ ತಿಪ್ಪೇಶಪ್ಪ ಮೇಷ್ಟ್ರು ಕಲಿಸಿದ್ದು ಮೂರೇ:
ಪಾಸಿಟಿವ್, ಕಂಪ್ಯಾರಿಟಿವ್, ಸೂಪರ್ಲೇಟಿವ್.
ಮೂವರನ್ನು ಸಾಲಾಗಿ ನಿಲ್ಲಿಸಿ ಬೆತ್ತ ತೋರುತ್ತಿದ್ದರು.
ಸಾಲಿನ ತುದಿಗೆ ಯಾವಾಗಲೂ ನಾನು.

ಇಲ್ಲಿ ಆರು ಗಂಟೆ, ಅಲ್ಲಿ ಏಳೂವರೆ.
'ನೇಟಿವ್ ಸ್ಪೀಕರಾ?' ಎಂದರು ಪರದೆಯೊಳಗಿನ ಹೆಡ್ ಮೇಡಂ.
'ನೇಟಿವ್ ಭದ್ರಾವತಿ,' ಎಂದುಬಿಟ್ಟೆ,
'ಸ್ಪೀಕರ್ ಒಂಚೂರು ಕೈಕೊಡುತ್ತೆ.'
ಅವರಿಗೆ ಗೊತ್ತಾಗಲಿಲ್ಲ, ಪುಣ್ಯ.
'ಈ ಖಾನೆ ಖಾಲಿ?'
ಐದು ಸೆಮಿಸ್ಟರ್, ಎಂದೆ.
ಆಮೇಲೆ ನೂರಿಪ್ಪತ್ತು ಗಂಟೆಯ ಕೋರ್ಸು,
ಚೀಟಿ ಎತ್ತಿದ ದುಡ್ಡಲ್ಲಿ.
ಚೀಟಿ ಎತ್ತುವುದಕ್ಕೆ ಇಂಗ್ಲಿಷ್ ಸಿಗದೆ ತಡವರಿಸಿದೆ.
ಕೆಮ್ಮಿ, ಮಕ್ಕಳನ್ನು ಕರೆದರು.

ಮುಂದಿನ ಬೆಂಚಿನವನು ಡಾರಾ. ಹಾಗಂದರೆ ನಕ್ಷತ್ರವಂತೆ,
ನಮ್ಮ ತಾರೆಯೇ, ನಾಲಿಗೆ ಕೊಂಚ ಹೊರಳಿದೆ ಅಷ್ಟೆ.
ಮೂವರು ನಿಲ್ಲಿ ಎಂದರೆ ಐವರು ನಿಂತರು.
ಕಡೆಯಲ್ಲಿ ಡಾರಾ, ಎಲ್ಲರಿಗಿಂತ ಗಿಡ್ಡ, ಮುಖ ಬಾಡಿತು.
'ನೋ ನೋ, ಟೀಚರ್ ಶಾರ್ಟೆಸ್ಟ್!' ಎಂದು ನಾನೂ ಎದ್ದೆ.
ಕ್ಯಾಮೆರಾದಲ್ಲಿ ತಲೆ ಕಾಣದೆ
ಬರೀ ಹೊಟ್ಟೆ, ಚೂಡಿದಾರದ ಹೂವು.
ಅವನು ನಕ್ಕಿದ್ದು ಈ ಸ್ಪೀಕರಿನಲ್ಲೂ ಕೇಳಿತು.

ಮೂರು ತಿಂಗಳು ನೋಡೋಣ ಎಂದಿದ್ದಾರೆ.
ರೂಮು ಇಬ್ಬರಿಗೆ, ಸಂಬಳ
ಪದವೀಧರರಿಗಿಂತ ನೂರು ಡಾಲರ್ ಕಮ್ಮಿ.
ಲಿಟಲ್, ಲೆಸ್, ಲೀಸ್ಟ್.
'ಇದು ರೂಲ್ಸಿಗೆ ಬಗ್ಗಲ್ಲ, ಬಾಯಿಪಾಠ ಮಾಡ್ರಪ್ಪಾ'
ಎನ್ನುತ್ತಿದ್ದರು ಮೇಷ್ಟ್ರು.

ಪಾಸ್‌ಪೋರ್ಟ್ ಬಂದ ದಿನ ಅಪ್ಪ
ಹೆಸರು ಓದಲಿಲ್ಲ, ಫೋಟೊ ನೋಡಲಿಲ್ಲ.
ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ
ಮೆಲ್ಲಗೆ ಉಜ್ಜಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ,
'ತೊಂಬತ್ತು ಜಿಎಸ್‌ಎಂ ಇರಬೇಕು' ಎಂದರು.
'ಒಳ್ಳೇ ಮಾಲು.
ನಮ್ಮಲ್ಲಿ ಮಾಡಿದ್ದಲ್ಲ.'