ಹದಿನಾರನೆಯ ಚೌಕ

ಕಾಗದ ಕೇಳಿದಿರಿ ಮೇಜರ್, ತೋರಿಸುತ್ತೇನೆ.
ಅದಕ್ಕೆ ಮೊದಲು ಈ ಬಿಸಿಲಲ್ಲಿ ಸ್ವಲ್ಪ ನಿಂತು
ಅವಳ ನಡಿಗೆ ನೋಡಿ. ಹಿಂಗಾಲು
ಮುಂಗಾಲಿನ ಗುರುತು ದಾಟಿ ಬೀಳುತ್ತದೆ,
ಕೊಯ್ಲಾದ ಗದ್ದೆಯ ಒಣಮಣ್ಣಲ್ಲಿ ಅಳೆಯಬಹುದು.
ಹುದಿಕೇರಿಯ ಹುಡುಗರು ಹಾಕಿ ಆಡುವ ಗದ್ದೆ;
ಏಪ್ರಿಲ್‌ವರೆಗೆ ಸಂಜೆ ಅವರದು, ಬೆಳಗು ನನ್ನದು.
ಸಿಲ್ವರ್ ಓಕಿನ ಗಳು, ಎರಡು ಡ್ರಮ್ಮು, ಹಳೇ ಟೈರು.
ನಮ್ಮ ಅಖಾಡ ಇಷ್ಟೇ.

ಈಗ ಪುಸ್ತಕ.
ಎಡಕ್ಕೆ ಇವಳು. ಬಲಕ್ಕೆ ಹೋದಂತೆ
ಇಬ್ಬರು, ನಾಲ್ವರು, ಎಂಟು ಜನ, ಹದಿನಾರು ಜನ.
ಜನ ಅಂದೆನೇ? ಇರಲಿ.
ಮೇಲಿನರ್ಧ ಅಪ್ಪನ ಕಡೆ, ಜರ್ಮನಿ.
ಅವನನ್ನು ನಾನೂ ನೋಡಿಲ್ಲ, ಇವಳ ತಾಯಿಯೂ ನೋಡಿಲ್ಲ;
ಬಂದದ್ದು ಹೊಗೆಯಾಡುವ ಡಬ್ಬಿಯಲ್ಲಿ,
ನೈಟ್ರೋಜನ್ನಿನ ಚಳಿ ಹೊದ್ದು, ಕಸ್ಟಮ್ಸಿನ ಮೊಹರು ಹೊತ್ತು.
ಒಂದೂ ಅರವತ್ತು ಮೀಟರು ಹಾರಿದವನು. ಅವನಪ್ಪನೂ ಹಾರಿದ್ದ.
ಇವಳ ಹೆಗಲಿನ ಇಳಿಜಾರು, ಸೊಂಟದ ಸ್ಪ್ರಿಂಗು
ಅವನ ಆಸ್ತಿ. ಅಲ್ಲವೆನ್ನುವುದಿಲ್ಲ.
ರಕ್ತ ನಂಬದವಳು ಈ ಕಸುಬಿಗೆ ಇಳಿಯಬಾರದು.

ಕೆಳಗಿನರ್ಧಕ್ಕೆ ಬೆರಳಿಡಿ.
ತಾಯಿ ಮಿಂಚಿ. ಅವಳ ತಾಯಿ ಪುಟ್ಟರಾಣಿ.
ಅವಳ ತಾಯಿ ಚುಕ್ಕಿ.
ಚುಕ್ಕಿಯಾಚೆ ಹದಿನೈದೂ ಖಾಲಿ, ಹದಿನಾರೂ ಖಾಲಿ.

ಊಟಿಯ ಕೆರೆದಂಡೆಯಲ್ಲಿ ಸಿಕ್ಕವಳು ಚುಕ್ಕಿ,
ಇಪ್ಪತ್ತು ರೂಪಾಯಿಗೆ ಒಂದು ಸುತ್ತು
ಮಕ್ಕಳನ್ನು ಹೊತ್ತು, ಕ್ಯಾಮೆರಾಕ್ಕೆ ನಿಂತು.
ತೊಡೆಯ ಮೇಲಿನ ಮುದ್ರೆಯನ್ನು ಯಾರೋ
ಇನ್ನೊಂದು ಬರೆ ಎಳೆದು ಅಳಿಸಿದ್ದರು.
ರೇಸಿನವಳೋ, ಕದ್ದು ತಂದವಳೋ.
ಲಾರಿಯಿಂದ ಇಳಿದ ಮರುಬೆಳಗ್ಗೆಯೇ
ಎದೆಮಟ್ಟದ ಬೇಲಿಯೆದುರು ಅರೆಹೆಜ್ಜೆ ನಿಂತಳು,
ಕಿವಿ ಮುಂದೆ, ಚಿಲ್ಲರೆ ಎಣಿಸುವವಳ ಹಾಗೆ,
ಮತ್ತೆ ಆಚೆ ಇದ್ದಳು.
ಆ ಅರೆಹೆಜ್ಜೆ ಪುಟ್ಟರಾಣಿಗಿತ್ತು, ಮಿಂಚಿಗಿದೆ.
ಜರ್ಮನಿಯ ಎಂಟೂ ಜನರ ವಿಡಿಯೋ ನೋಡಿದ್ದೇನೆ.
ಯಾರಿಗೂ ಇಲ್ಲ.

ಐನ್‌ಮನೆಯ ಗೋಡೆಯಲ್ಲಿ ನಮ್ಮದೂ ಒಂದು ಪಟ್ಟಿ ಇದೆ,
ಗಾಜು ಹಾಕಿಸಿದ್ದು. ಹದಿಮೂರು ತಲೆಮಾರು ಗಂಡಸರು,
ಒಬ್ಬನಿಂದೊಬ್ಬ ಹುಟ್ಟಿದ ಹಾಗೆ ಬಾಣದ ಗುರುತು.
ಕಾರಣವನಿಗೆ ಮೀದಿ ಇಡುವ ದಿನ ಚಿಕ್ಕಪ್ಪನನ್ನು ಕೇಳಿದೆ:
ಅಜ್ಜಿಯ ತಾಯಿಯ ಹೆಸರೇನು?
"ಬಿರುನಾಣಿ ಕಡೆಯವರು" ಅಂದರು, ದೀಪದ ಬತ್ತಿ ಸರಿಮಾಡುತ್ತ.
ನಾನು ಮದುವೆಯಾಗಿ ಒಂದು ಒಕ್ಕ ಬಿಟ್ಟೆ,
ಬಿಟ್ಟುಬಂದು ಇನ್ನೊಂದು.
ಹೆಣ್ಣು ನೋಡಲು ಬಂದವರು ಅವ್ವನನ್ನು ಮೇಲಿಂದ ಕೆಳಗೆ ನೋಡಿ
ನೂಲಿನಂತೆ ಸೀರೆ ಅಂದದ್ದು ನೆನಪಿದೆ.
ನೂಲಿನ ಹೆಸರು ಬರೆದವರಿಲ್ಲ.
ಕುದುರೆಯ ಪುಸ್ತಕ ಅಷ್ಟರಮಟ್ಟಿಗೆ ವಾಸಿ:
ಇಲ್ಲಿ ತಾಯಂದಿರು ಯಾರ ಮನೆಗೂ ಹೋಗುವುದಿಲ್ಲ.

ಮೈಸೂರಿನ ಏಜೆಂಟನೊಬ್ಬ ಬಂದಿದ್ದ.
"ಐದು ಸಾವಿರ ಕೊಡಿ ಅಕ್ಕ, ಒಳ್ಳೇ ಹೆಸರು ಕೂರಿಸುತ್ತೇನೆ,
ಬೆಲೆ ಎರಡು ಪಟ್ಟು."
ಕಳಿಸಿದೆ. ಆದರೆ ಆ ರಾತ್ರಿ
ಮಿಂಚಿಯ ಮೊಲೆತುದಿಯಲ್ಲಿ ಮೇಣ ಕಟ್ಟಿತ್ತು,
ಲಾಟೀನು ಹಚ್ಚಿ ಲಾಯದಲ್ಲಿ ಕಾಯುತ್ತಾ ಕೂತವಳು
ಪೆನ್ಸಿಲು ಚೂಪುಮಾಡಿ ಒಂದು ಹೆಸರು ಬರೆದೆ.
ನಾಲ್ಕಕ್ಕೆ ಇವಳು ಬಿದ್ದಳು, ಒದ್ದೆಮುದ್ದೆ;
ಮಾಸು ಬೀಳುವ ಮೊದಲೇ ಎದ್ದಳು, ಮಗುಚಿದಳು, ಎದ್ದಳು.
ಹೊಸ್ತಿಲ ಹಲಗೆಯೆದುರು ನಿಂತು
ಕಿವಿ ಮುಂದೆ ಮಾಡಿದಳು.
ಬೆಳಗಾದ ಮೇಲೆ ಉಜ್ಜಿದೆ. ಕಾಗದ ಅಲ್ಲಿ ತೆಳು,
ಬೆಳಕಿಗೆ ಹಿಡಿದರೆ ನಿಮಗೂ ಕಾಣುತ್ತದೆ.

ಲಾಳ ಕಟ್ಟಲು ವಿರಾಜಪೇಟೆಯಿಂದ ಬರುವ ಗೌಸ್ ಸಾಬರು
ನಗುತ್ತಾರೆ: "ಗೊರಸಿಗೆ ಅಜ್ಜ ಮುತ್ತಜ್ಜ ಇಲ್ಲಮ್ಮ,
ವರ್ಷಕ್ಕೊಮ್ಮೆ ಪೂರ್ತಿ ಹೊಸದು,
ನೆಲ ಹೇಳಿದ ಹಾಗೆ ಬೆಳೀತದೆ."
ಹಾಗನ್ನುವ ಅವರಪ್ಪನೂ ನಾಲಬಂದ, ಅಜ್ಜನೂ ನಾಲಬಂದ.

ಬಿಟ್ಟರು, ನೋಡಿ. ಮಾತು ಬೇಡ.
ಮೊದಲ ಗಳು. ಎರಡನೆಯದು.
ಈಗ ಡ್ರಮ್ಮಿನ ಮೇಲಿನದು,

ಕಂಡಿರಾ? ಮುಂಗಾಲು ಮಡಿಚಿದ್ದಲ್ಲ,
ಅದರ ಹಿಂದಿನದು.

ಬೆಲೆ ಫೋನಿನಲ್ಲೇ ಹೇಳಿದ್ದೆನಲ್ಲ.
ಹದಿನಾರನೆಯ ಚೌಕವನ್ನೂ ಸೇರಿಸಿ ಹೇಳಿದ್ದು.